ಎಡತುದಿಯ ಅಂಕೆ

ಪಾಂಡುವಿನ ಕಂಪ್ಯೂಟರು ಬಾಯಿ ಕಟ್ಟಿಕೊಂಡದ್ದು ಗುರುವಾರ ಬೆಳಿಗ್ಗೆ. ಹಿಂದಿನ ದಿನವೆಲ್ಲ ಅದು ಗೊರಗೊರ ಎನ್ನುತ್ತಲೇ ಇತ್ತು. ಅರ್ಧ ಪದ ಹೇಳಿ ಉಳಿದರ್ಧ ನುಂಗುತ್ತಿತ್ತು. ಮಾವಳ್ಳಿಯ ಉಪ್ಪುಗಾಳಿ ದೋಣಿಯ ಮೊಳೆಯನ್ನೇ ತಿಂದು ಹಾಕುತ್ತದೆ, ಇನ್ನು ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಕೂದಲೆಳೆಯಂಥ ತಂತಿಗಳನ್ನು ಬಿಟ್ಟೀತೆ?

ಬೇರೆಯವರ ಕಂಪ್ಯೂಟರು ಮೂಕಾದರೆ ಹಾಡು ಕೇಳುವುದಿಲ್ಲ, ಅಷ್ಟೆ. ಪಾಂಡುವಿನದು ಮೂಕಾದರೆ ಅವನ ಕಣ್ಣು ಎರಡನೆಯ ಸಲ ಹೋದ ಹಾಗೆ. ಮೊದಲನೆಯ ಸಲ ಹೋದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಪಿಯುಸಿ ಮುಗಿದ ವರ್ಷ. ಆಮೇಲೆ ಬಹಳ ಕಾಲ ಜಗಲಿಯ ಕಂಬದ ಹಾಗೆ ಕೂತಿದ್ದವನಿಗೆ ಕುಮಟೆಯ ಓದುಗರ ಬಳಗದವರು ಒಂದು ಹಳೆಯ ಲ್ಯಾಪ್‌ಟಾಪು ಕೊಟ್ಟಿದ್ದರು. ಬಳಗದ ಮೋಹನ ಮಾಸ್ತರರು ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿ, ತೆರೆಯ ಮೇಲಿನ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಕೂರಿಸಿ, ಇದಕ್ಕೆ ಯಾವ ಕಂಪನಿಯ ಕಾಲೂ ಹಿಡಿಯಬೇಕಿಲ್ಲ ಎಂದು ಹೇಳಿಕೊಟ್ಟಿದ್ದರು. ಅಂದಿನಿಂದ ಪಾಂಡು ಕಿವಿಯಲ್ಲೇ ಓದಿದ, ಬೆರಳಲ್ಲೇ ಬರೆದ. ಮೂರು ಊರಿನ ಅರ್ಜಿಗಳು ಅವನ ಕೈಯಿಂದ ಹೋದವು. ಅವನ ಅರ್ಜಿ ಕಂಡರೆ ಕಚೇರಿಯವರು ಹುಬ್ಬು ಗಂಟಿಕ್ಕುತ್ತಾರೆ ಎಂಬುದೇ ಅವನಿಗಿದ್ದ ಹೆಸರು.

ಈಗ ಆ ಪೆಟ್ಟಿಗೆಯೊಳಗೆ ಮಾವಳ್ಳಿಯ ಹೆಂಗಸರ ಆಕ್ಷೇಪಣೆಗಳು ಸಿಕ್ಕಿಕೊಂಡಿದ್ದವು. ಕಡಲ ಬದಿಯಲ್ಲಿ ಹಳೆಯ ಬಲೆಮನೆಯಿಂದ ಗಾಳಿಮರದ ಸಾಲಿನವರೆಗೆ ಒಂದು ನೆಲ ಇದೆ. ಅಲ್ಲಿ ಹೆಂಗಸರು ಬಂಗಡೆ, ತಾರ್ಲೆ ಮೀನು, ಶೆಟ್ಲಿ ಸಿಗಡಿ ಒಣಗಿಸುತ್ತಾರೆ. ಅವರ ಅತ್ತೆಯರು ಒಣಗಿಸಿದ್ದರು, ಅತ್ತೆಯರ ಅತ್ತೆಯರು ಒಣಗಿಸಿದ್ದರು. ಮುರ್ಡೇಶ್ವರಕ್ಕೆ ಬರುವ ಪ್ರವಾಸಿಗರ ಕಾರು ನಿಲ್ಲಲು ಜಾಗ ಸಾಲದೆಂದು ಪ್ರವಾಸೋದ್ಯಮ ಇಲಾಖೆಯ ಕಣ್ಣು ಆ ನೆಲದ ಮೇಲೆ ಬಿದ್ದಿತ್ತು. ದಾಖಲೆಯಲ್ಲಿ ಅದು 'ಖಾಲಿ ಮರಳು'. ಹಾಸಿದ ಮೀನು, ಬಾಗಿದ ಬೆನ್ನು, ಕಾಗೆ ಓಡಿಸುವ ಕೋಲು ಇವು ಯಾವುವೂ ದಾಖಲೆಗೆ ಕಾಣುವುದಿಲ್ಲ. ಆಕ್ಷೇಪಣೆ ಇದ್ದವರು ಸೋಮವಾರದೊಳಗೆ ಭಟ್ಕಳದ ಕಚೇರಿಗೆ ಬರೆದು ಕೊಡಬೇಕಿತ್ತು. ಹೆಂಗಸರು ಒಬ್ಬೊಬ್ಬರೇ ಬಂದು ಹೇಳಿದ್ದನ್ನು ಪಾಂಡು ಅವರವರ ಮಾತಿನಲ್ಲೇ ಬರೆದಿದ್ದ. ತಿದ್ದುವುದು ಬಾಕಿ ಇರುವಾಗಲೇ ಪೆಟ್ಟಿಗೆ ಮೂಕಾಯಿತು.

ಬೇರೆ ಯಾರಿಂದಲಾದರೂ ಮಾಡಿಸಬಹುದಿತ್ತಲ್ಲ ಎಂದರೆ, ಮಾಡಿಸಿ ನೋಡಿದ್ದರು. ಹಿಂದೊಮ್ಮೆ ಭಟ್ಕಳದ ಟೈಪಿಂಗ್ ಅಂಗಡಿಗೆ ಕೊಟ್ಟಾಗ 'ಬಿಟ್ಟುಕೊಡುವುದಿಲ್ಲ' ಎಂದು ಹೇಳಿದ್ದು 'ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ವಿನಂತಿ' ಎಂದಾಗಿ ಹೊರಬಿದ್ದಿತ್ತು. ಇನ್ನು ಕೇರಿಯ ಹುಡುಗರ ಕೈಯಲ್ಲಿ ದೊಡ್ಡ ದೊಡ್ಡ ಫೋನುಗಳಿದ್ದವು ನಿಜ. ಆದರೆ ಅವರೆಲ್ಲ ಸಂಜಯನ ವಾಟ್ಸಾಪ್ ಗುಂಪಿನವರು. ಸಂಜಯ ಪಾರ್ಕಿಂಗ್ ಗುತ್ತಿಗೆದಾರನ ಬಲಗೈ. ಜಾಗ ಆದ ಮೇಲೆ ಚೀಟಿ ಹರಿಯುವ ಕೆಲಸ ನಿಮ್ಮದೇ ಎಂದು ಪ್ರತಿಯೊಬ್ಬನಿಗೂ ಹೇಳಿಕೊಂಡು ಬಂದಿದ್ದ. ಯಾರಿಗೆ ತೋರಿಸಿದರೂ ಯಾವ ಯಾವ ಹೆಂಗಸರು ಬರೆಸಿದ್ದಾರೆ ಎಂಬುದು ಸಂಜೆಯೊಳಗೆ ಗುತ್ತಿಗೆದಾರನ ಕಿವಿಗೆ ಬೀಳುತ್ತಿತ್ತು. ಪಾಂಡುವಿನದು ಗುಂಡಿಯ ಫೋನು. ಅದು ಮಾತಾಡಲಿಕ್ಕೆ ಮಾತ್ರ.

ಮೋಹನ ಮಾಸ್ತರರು ಊರಲ್ಲಿದ್ದಿದ್ದರೆ ಒಂದೇ ಬಸ್ಸಿಗೆ ಕುಮಟೆಗೆ ಹೋಗಿ ಬರುತ್ತಿದ್ದ. ಮಾಸ್ತರರು ಮಗಳ ಬಾಣಂತನಕ್ಕೆಂದು ಪುಣೆಗೆ ಹೋಗಿದ್ದರು. ಫೋನಿನಲ್ಲೇ ಕೇಳಿ, ಒಳಗಿನದು ಸತ್ತಿದ್ದರೆ ಹೊರಗಿನಿಂದ ಚುಚ್ಚುವ ಸೌಂಡ್ ಕಾರ್ಡು ಸಿಗುತ್ತದೆ, ಹೆಬ್ಬೆರಳಿನಷ್ಟು ಇರುತ್ತದೆ, ತಾ ಎಂದರು. ಪಾಂಡು ಭಟ್ಕಳದ ಪೇಟೆಗೆ ಹೋಗಿ ತಂದ. ಅಂಗಡಿಯವನು ಕೊಡುವಾಗಲೇ, ಇದು ವಿಂಡೋಸ್‌ಗೆ ಮಾತ್ರ, ನಿಮ್ಮ ಲಿನಕ್ಸ್‌ನಲ್ಲಿ ನಡೆದರೆ ನಿಮ್ಮ ಪುಣ್ಯ ಎಂದಿದ್ದ. ಅವನ ಡಬ್ಬಿಯಲ್ಲಿದ್ದವೆಲ್ಲ ಒಂದೇ ಜಾತಿಯವು. ಬೇರೆಯದು ತರಿಸಲು ಹೇಳಿದರೆ ಬರುವುದು ಮುಂದಿನ ವಾರ.

ಚುಚ್ಚಿದರೆ ದೀಪ ಹತ್ತಿತು, ದನಿ ಬರಲಿಲ್ಲ. ದೀಪ ಹತ್ತಿತು ಎಂದು ಹೇಳಿದವಳು ಅವನ ತಾಯಿ ತಿಮ್ಮಿ.

ಮಾಸ್ತರರು ಫೋನಿನಲ್ಲಿ ಬಿಡಿಸಿ ಹೇಳಿದರು. ಕಾರ್ಡನ್ನು ಮಾತಾಡಿಸುವ ಒಂದು ತಂತ್ರಾಂಶ ಲಿನಕ್ಸ್‌ನೊಳಗೆ ಇರುತ್ತದೆ. ಅದು ಕಾರ್ಡಿಗೆ, ನಿನ್ನ ದನಿಯ ಮಟ್ಟ ಎಷ್ಟು ಎಂದು ಕೇಳುತ್ತದೆ. ಈ ಅಗ್ಗದ ಕಾರ್ಡುಗಳಿಗೆ ಉತ್ತರ ಕೊಡಲು ಬರುವುದಿಲ್ಲ, ಮಾಡಿದವರು ಕಲಿಸಿರುವುದಿಲ್ಲ. ಉತ್ತರ ಬರಲಿಲ್ಲವೆಂದು ತಂತ್ರಾಂಶ ಅಲ್ಲೇ ಹಟ ಹಿಡಿದು ಕೂರುತ್ತದೆ. ಉತ್ತರ ಬರದಿದ್ದರೂ ಅಡ್ಡಿಯಿಲ್ಲ, ಮುಂದೆ ಹೋಗು ಎಂದು ಒಂದು ಕಡತದಲ್ಲಿ ಒಂದು ಸಾಲು ಬರೆದಿಡಬೇಕು. ಆಮೇಲೆ, ದನಿಯನ್ನು ಸತ್ತ ಕಾರ್ಡಿಗೆ ಕಳಿಸಬೇಡ, ಈ ಹೊಸದಕ್ಕೆ ಕಳಿಸು ಎಂದು ಹೊಸದರ ಅಂಕೆ ಹೇಳಿಕೊಡಬೇಕು. ಎರಡೇ ಕೆಲಸ. ಬರೆಯಲು ಪಾಂಡುವಿನ ಬೆರಳು ಸಾಕು. ಬರೆದದ್ದಕ್ಕೆ ಯಂತ್ರ ಏನು ಹೇಳಿತು ಎಂದು ನೋಡಲು ಮಾತ್ರ ಕಣ್ಣು ಬೇಕು.

ಆ ಕಣ್ಣು ತಿಮ್ಮಿಯದಾಯಿತು. ತಿಮ್ಮಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನೋಟಿನ ಮೇಲಿನದು, ಬಸ್ಸಿನ ಹಣೆಯ ಮೇಲಿನದು ಎಂದು ಅಂಕೆಗಳು ಗೊತ್ತು, ಅಕ್ಷರ ಗೊತ್ತಿಲ್ಲ. ಪಾಂಡು ಹೇಳಿದ, ಓದುವುದು ಬೇಡ, ಕಂಡದ್ದು ಕಂಡ ಹಾಗೆ ಹೇಳು. ಅವಳು ಮೀನು ಹರಡಿ ಬಂದು, ಕೈ ಒರೆಸಿಕೊಂಡು, ಮಗನ ಪಕ್ಕ ಕೂತು ಹೇಳತೊಡಗಿದಳು.

"ಬಿಳಿ ಬಟ್ಟೆ ಮೇಲೆ ಕರಿ ಇರುವೆ ಹರಿದಾಂಗೆ ಅದೆ. ಮೊದ್ಲು ಹಿಡಿ ಮುರಿದ ಕತ್ತಿ. ಆಮೇಲೆ ಬಾಲ ಇದ್ದ ಬೆಂಡು. ಆಮೇಲೆ ಎರಡು ಬಾಗ್ಲು, ಒಂದ್ರ ಪಕ್ಕ ಒಂದು. ಆಮೇಲೆ ಬಲೆ ಬೆಂಡು, ಬರೀ ಬೆಂಡು. ಕಡೇಗೆ ಒಂದು ಗೂಟ, ಅಡ್ಡ ಕೋಲು ಕಟ್ಟಿದ್ದು."

ಪಾಂಡು ಒಂದೊಂದನ್ನೂ ಅಂಗೈ ಮೇಲೆ ಬೆರಳಿನಿಂದ ಬರೆದುಕೊಂಡ. ಹತ್ತೊಂಬತ್ತು ವರ್ಷ ಕಂಡ ಅಕ್ಷರಗಳು ಇನ್ನೂ ಒಳಗೆ ಇದ್ದವು. ಕತ್ತಿ ಸಿ, ಬಾಲದ ಬೆಂಡು ಎ, ಬಾಗಿಲು ಎನ್, ಬರೀ ಬೆಂಡು ಓ, ಗೂಟ ಟಿ. ಕೂಡಿಸಿದ. ಕೆನಾಟ್. ಆಗುವುದಿಲ್ಲ. ಅವನಿಗೆ ನಗು ಬಂತು. ಅವನ ತಾಯಿ ಬದುಕಿನಲ್ಲಿ ಓದಿದ ಮೊದಲನೆಯ ಇಂಗ್ಲಿಷ್ ಪದ ಅದು. ಅದೇ ಇರಬೇಕಲ್ಲ, ರೇಶನ್ನಿಗೆ ಹೋದರೂ, ಪಿಂಚಣಿಗೆ ಹೋದರೂ, ಕಿಟಕಿಯ ಆಚೆಯಿಂದ ಅವಳಿಗೆ ಯಾವಾಗಲೂ ಸಿಕ್ಕಿದ್ದು ಅದೊಂದೇ ಪದ. ಏನು ಬರೆದಿತ್ತು ಎಂದು ಅವಳು ಕೇಳಿದಾಗ ಹೇಳಿದ. ಅವಳು, ಇಷ್ಟು ದೂರದಿಂದ ಬಂದ ಸಾಮಾನಿಗೂ ನಮ್ಮ ಕಚೇರಿ ಮಾತು ಹ್ಯಾಗೆ ಗೊತ್ತಾಯ್ತು ಎಂದಳು.

ಶುಕ್ರವಾರ ಹೀಗೆ ಕೂತಿದ್ದಾಗ ಸಂಜಯ ಬಂದ. ಬೈಕನ್ನು ಅಂಗಳದ ಬದಿಗೆ ನಿಲ್ಲಿಸಿ, ಜಗಲಿಗೆ ಒರಗಿ, ಬಹಳ ಅಕ್ಕರೆಯಿಂದ ವಿಚಾರಿಸಿದ.

"ಪಾಂಡಣ್ಣ, ನಿಮ್ಮ ಪೆಟ್ಗೆ ಮೌನವ್ರತ ಹಿಡಿದದಂಬ್ರಲೆ? ಕೊಡಿ ಇಲ್ಲಿ, ಭಟ್ಕಳಕ್ಕೆ ಹೊತ್ಕಂಡೋಗಿ ನಾನೇ ರಿಪೇರಿ ಮಾಡ್ಸಿ ತತ್ತೆ. ಮಂಗಳವಾರ ಕೈಗೆ ಕೊಡ್ತೆ."

ಮಂಗಳವಾರ. ಸೋಮವಾರ ಕಳೆದ ಮೇಲೆ. ಪಾಂಡು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡ. ತಿಮ್ಮಿ ಮೀನಿನ ಬುಟ್ಟಿ ಎತ್ತಿಕೊಂಡು ಏಳುತ್ತ ಹೇಳಿದಳು: "ರಿಪೇರಿ ಎಂತಕೆ ಮಾರಾಯ. ನಿನ್ನ ಬಾಯಿ ಬಿಚ್ಚಿ ಅದಕ್ಕೆ ಕೂರ್ಸಿದ್ರೆ ಆತು. ವರ್ಷಗಟ್ಲೆ ನಿಲ್ಲೂದಿಲ್ಲ."

ಸಂಜಯ ನಕ್ಕ. ಅವಳು ಅಂಗಳಕ್ಕೆ ಇಳಿದಳು, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಧಡ್ ಎಂದು ಸದ್ದಾಯಿತು. ಬುಟ್ಟಿ ಉರುಳಿದ್ದು, ಬೈಕು ಅಲುಗಿದ್ದು ಪಾಂಡುವಿಗೆ ಕೇಳಿಸಿತು. ಇಷ್ಟು ದೊಡ್ಡ ಬೈಕು ಕಾಣಲಿಲ್ಲವಾ ಅಜ್ಜಿ ಎಂದು ಸಂಜಯ ಕೇಳಿದ. ದಾರಿಗೆ ಅಡ್ಡ ನಿಲ್ಲಿಸಿ ಕಾಣಲಿಲ್ಲವಾ ಅಂತ ಬೇರೆ ಕೇಳ್ತಾನೆ ಎಂದು ಅವಳು ಬೈಯುತ್ತ ಮೀನು ಹೆಕ್ಕಿದಳು. ಪಾಂಡುವಿಗೂ ಸಿಟ್ಟು ಬಂತು, ಸಂಜಯನ ಮೇಲೆ. ಇನ್ನೂ ಜಾಗವೇ ಕೈಗೆ ಬಂದಿಲ್ಲ, ಆಗಲೇ ನಮ್ಮ ಅಂಗಳದಲ್ಲಿ ಪಾರ್ಕಿಂಗು ಎಂದುಕೊಂಡ.

ಅಂದು ಮಧ್ಯಾಹ್ನದ ಹೊತ್ತಿಗೆ ಮೊದಲನೆಯ ಕೆಲಸ ಆಯಿತು. ಮಾಸ್ತರರು ಹೇಳಿದ ಸಾಲನ್ನು ಪಾಂಡು ಬರೆದ, ತಿಮ್ಮಿ ಅದರ ಬೆಂಡು ಗೂಟಗಳನ್ನೆಲ್ಲ ಹೇಳಿ ಸರಿಯಿದೆ ಎಂಬುದನ್ನು ತೋರಿಸಿಕೊಟ್ಟಳು. ಯಂತ್ರವನ್ನು ಆರಿಸಿ ಹಚ್ಚಿದರು. ಉಳಿದದ್ದು ಅಂಕೆ. ಯಂತ್ರದಲ್ಲಿರುವ ಕಾರ್ಡುಗಳ ಪಟ್ಟಿಯನ್ನು ತೆರೆಯ ಮೇಲೆ ತರಿಸಿದರೆ ಪ್ರತಿ ಸಾಲಿನ ಎಡತುದಿಯಲ್ಲೂ ಅದರ ಅಂಕೆ ಇರುತ್ತದೆ, ನಡುವೆ ಹೆಸರು ಇರುತ್ತದೆ, ನಿಮ್ಮದರ ಹೆಸರು ಕಡೆಯ ಸಾಲಿನಲ್ಲಿ ಬಂದಿರಬೇಕು ಎಂದರು ಮಾಸ್ತರರು.

ಪಟ್ಟಿ ಬಂತು. ತಿಮ್ಮಿ ಹೇಳಿದಳು. ಪ್ರತಿ ಸಾಲೂ ಒಂದು ಬೇಲಿಗೂಟದಿಂದ ಶುರುವಾಗುತ್ತದೆ, ಆಮೇಲೆ ಏನೇನೋ ಇದೆ, ಆಮೇಲೆ ಇನ್ನೊಂದು ಬೇಲಿಗೂಟ.

"ಅದ್ಕೂ ಮೊದ್ಲು ಅಂಕೆ ಇರ್ತದೆ ಅಬ್ಬೆ. ಅಂಕೆ ಹೇಳು."

"ಅಂಕೆ ಗೊತ್ತಿಲ್ವಾ ನಂಗೆ? ಇದ್ರೆ ಹೇಳೂದಿಲ್ವಾ? ಇಲ್ಲೆಂತ ಅಂಕೆ ಇಲ್ಲ ತಮಾ."

ಪಾಂಡು ಊಹೆಯ ಮೇಲೆ ಒಂದು ಎಂದು ಬರೆದು ನೋಡಿದ. ದನಿ ಇಲ್ಲ. ಎರಡು ಎಂದು ಬರೆದ. ಇಲ್ಲ. ಒಂದೊಂದು ಸಲಕ್ಕೂ ಯಂತ್ರವನ್ನು ಆರಿಸಿ ಹಚ್ಚಬೇಕು, ತಿಮ್ಮಿಯನ್ನು ಮೀನಿನ ಹತ್ತಿರದಿಂದ ಕೂಗಿ ಕರೆಯಬೇಕು. ಅವಳು ಬರುವಷ್ಟರಲ್ಲಿ ಅಲ್ಲಿ ಕಾಗೆ ಇಳಿಯುತ್ತಿತ್ತು. ಮೊದಲನೆಯ ಕೆಲಸವೇ ಸರಿಯಾಗಿದೆಯೋ ಇಲ್ಲವೋ ಎಂಬ ಅನುಮಾನವೂ ಸೇರಿಕೊಂಡಿತು. ಮಾಸ್ತರರಿಗೆ ಫೋನು ಮಾಡಿದರೆ, ಕತ್ತಲಲ್ಲಿ ಕಲ್ಲು ಬೀರಬೇಡ, ಅಂಕೆ ಇದ್ದೇ ಇರುತ್ತದೆ, ಲಿನಕ್ಸ್ ಅಂಕೆ ಇಲ್ಲದ ಪಟ್ಟಿ ಕೊಡುವುದೇ ಇಲ್ಲ, ಎಡತುದಿಯಿಂದ ಓದಿಸು ಎಂದರು. ಹಿಂದಿನಿಂದ ಮಗುವಿನ ಅಳು ಕೇಳಿಸುತ್ತಿತ್ತು. ಪಾಂಡು ಫೋನಿಟ್ಟು ಮೊದಲ ಬಾರಿಗೆ ತಾಯಿಯ ಮೇಲೆ ದನಿ ಎತ್ತಿದ. ಒಂದು ಅಂಕೆ ನೋಡಿ ಹೇಳಲಿಕ್ಕೆ ಇಷ್ಟು ಹೊತ್ತಾ, ಮನಸ್ಸೆಲ್ಲ ಮೀನಿನ ಮೇಲೆಯೇ ಇದ್ದರೆ ಹ್ಯಾಗೆ ಎಂದ. ತಿಮ್ಮಿ ತಿರುಗಿ ಬೈಯಲಿಲ್ಲ. ಅದೇ ಅವನಿಗೆ ವಿಚಿತ್ರವೆನಿಸಿತು. ತಿಮ್ಮಿ ಬೈಗುಳವನ್ನು ಬಾಕಿ ಇಟ್ಟುಕೊಳ್ಳುವ ಹೆಂಗಸಲ್ಲ.

ಶನಿವಾರ ಮಧ್ಯಾಹ್ನ ಮತ್ತೆ ಪಟ್ಟಿ ತರಿಸಿದ. ಈ ಸಲ ಕೇಳುವ ಬದಲು ಅವಳ ಕೈ ಹಿಡಿದ. ತೆರೆಯ ಎಡಗಡೆಯ ಅಂಚು ಅವನ ಬೆರಳಿಗೆ ಗೊತ್ತಿತ್ತು. ಅವಳ ತೋರುಬೆರಳನ್ನು ಆ ಅಂಚಿಗೆ ಒತ್ತಿ ಹಿಡಿದ.

"ನಿನ್ನ ಬೆರಳು ನೋಡು ಅಬ್ಬೆ. ಬೇರೆ ಎಲ್ಲೂ ನೋಡ್ಬೇಡ. ಬೆರಳಿನ ತುದೀಲಿ ಎಂತ ಅದೆ?"

ಅವಳು ತಲೆ ತಿರುಗಿಸಿದ್ದು ಅವನಿಗೆ ಗೊತ್ತಾಯಿತು. ಅವಳ ಉಸಿರು ಅವನ ಕೆನ್ನೆಯಿಂದ ಸರಿದು ಹೋಯಿತು. ಅವಳು ಮಗುವಿನ ಹಾಗೆ ಹೇಳಿದಳು: "ಅಯ್ಯ, ಅಂಕೆ ಅದೆ. ಮೇಲಿಂದ ಕೆಳಗಿನವರೆಗೂ ಅದೆ. ಕಡೇದು ಮೂರು. ಇಷ್ಟೊತ್ತು ಎಲ್ಲಿತ್ತು ತಮಾ ಇದು?"

ಮೂರು. ಬೇಕಾದದ್ದು ಸಿಕ್ಕಿತ್ತು. ಪಾಂಡುವಿನ ಬೆರಳು ಗುಂಡಿಯ ಮೇಲೆ ಹೋಗಲಿಲ್ಲ.

ಅವನಿಗೆ ಕಾಲೇಜಿನ ಬಾಗಿಲು ನೆನಪಾಯಿತು. ಕರಿಹಲಗೆಯ ಮೇಲಿನ ಚುಕ್ಕಿಯೂ ಕಾಣುತ್ತಿದ್ದಾಗ ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯುತ್ತಿತ್ತು. ದೂರದ ಬಸ್ಸಿನ ಬೋರ್ಡು ಕಾಣುತ್ತಿತ್ತು, ಪಕ್ಕದಲ್ಲಿ ನಿಂತ ಕಂಡಕ್ಟರು ಕಾಣುತ್ತಿರಲಿಲ್ಲ. ಗೆಳೆಯರು ನಗುತ್ತಿದ್ದರು, ಅವನೂ ನಗುತ್ತಿದ್ದ. ನೋವಿಲ್ಲ, ನೀರಿಲ್ಲ, ಕೆಂಪಿಲ್ಲ. ಬದಿಗಳಿಂದ ಒಂದೊಂದೇ ಗೇಣು ಮುಚ್ಚಿಕೊಂಡು ಬಂದು, ಕೊನೆಗೆ ನಡುವೆ ಒಂದು ತೂತು ಉಳಿದು, ಅದೂ ಹೋಯಿತು. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುವ ಕಾಯಿಲೆ ಎಂದು ಮಣಿಪಾಲದಲ್ಲಿ ಹೇಳುವಾಗ ಕಾಲ ಮಿಂಚಿತ್ತು.

ಅವನು ತನ್ನ ಬಲಗೈಯನ್ನು ಅವಳ ಕಿವಿಯ ನೇರಕ್ಕೆ, ಮುಖದಿಂದ ಒಂದು ಮೊಳ ಆಚೆಗೆ ಹಿಡಿದು ಎರಡು ಬೆರಳು ಎತ್ತಿದ.

"ನೇರ ನೋಡ್ತಾ ಇರು. ತಲೆ ತಿರುಗಿಸ್ಬೇಡ. ಎಷ್ಟು ಬೆರಳು?"

"ಯಾರ ಬೆರಳು?"

"ನಂದು."

"ಕೈ ಎಲ್ಲಿ ಹಿಡಿದಿದ್ದೆ ನೀನು?"

ಅವನು ಕೈಯನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಂದ. ಇಲ್ಲ ಎಂದಳು. ಇನ್ನೂ ತಂದ. ಇಲ್ಲ. ಬೆರಳು ಅವಳ ಮೂಗಿನ ಮುಂದೆ ಬಂದಾಗ, ಎರಡು ಎಂದಳು. ಆಮೇಲೆ ಆ ಎರಡು ಬೆರಳನ್ನೂ ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಯಾವಾಗಿನಿಂದ ಎಂದು ಅವನು ಕೇಳಿದ. ಎರಡು ಮಳೆಗಾಲ ಆಯಿತು ಎಂದಳು. ಹಾಸಿದ ಚಾಪೆಯ ಆಚೆಗೆ ಮೀನು ಬೀಳತೊಡಗಿದಾಗಲೇ ಗೊತ್ತಾಗಿತ್ತಂತೆ. ನಿನ್ನದರ ಹಾಗೆಯೇ ಎಂದೂ ಗೊತ್ತಿತ್ತು ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದರೆ, ಅವಳು ಗಟ್ಟಿಯಾಗಿ, ಜಗಳಕ್ಕೆ ನಿಂತವಳ ಹಾಗೆ ಹೇಳಿದಳು: "ಹೇಳಿದ್ರೆ ನೀನು ಎಂತ ಮಾಡ್ತಿದ್ದೆ? ಬರೆಯೂದು ಬಿಟ್ಟು ನನ್ನ ಕೈ ಹಿಡ್ಕಂಡು ಆಸ್ಪತ್ರೆಗೆ ಅಂತ ಬಸ್ ಸ್ಟ್ಯಾಂಡಲ್ಲಿ ಕೂರ್ತಿದ್ದೆ. ಕಣ್ಣಿಲ್ಲದವ ಕಣ್ಣಿಲ್ಲದವ್ಳ ಕೈ ಹಿಡ್ಕಂಡು. ಆ ಸಂಜಯ ಫೋಟೋ ತೆಗೀತಿದ್ದ."

ಸಿಟ್ಟನ್ನು ಯಾರ ಮೇಲೆ ಹೊಯ್ಯಬೇಕೆಂದು ಪಾಂಡುವಿಗೆ ತಿಳಿಯಲಿಲ್ಲ. ಹಿಂದಿನ ಚುನಾವಣೆಯ ಹೊತ್ತಿಗೆ ಊರಲ್ಲಿ ಪೆಂಡಾಲು ಹಾಕಿ ನೇತ್ರ ತಪಾಸಣೆ ಮಾಡಿದ್ದರು. ಸಾಲಾಗಿ ನಿಲ್ಲಿಸಿ, ದೊಡ್ಡ ಅಕ್ಷರದ ಹಲಗೆ ತೋರಿಸಿ, ಡಬ್ಬಿಯಿಂದ ಕೈಗೆ ಬಂದ ಕನ್ನಡಕ ಹಂಚಿ, ಚಪ್ಪಾಳೆ ಹೊಡೆಸಿ ಹೋದರು. ತಿಮ್ಮಿಗೂ ಒಂದು ಸಿಕ್ಕಿತ್ತು. ಕಣ್ಣಿನೊಳಗಿನ ಒತ್ತಡವನ್ನು ಯಾರೂ ಅಳೆಯಲಿಲ್ಲ. ಅದನ್ನು ಅಳೆಯುವುದು ಫೋಟೋದಲ್ಲಿ ಬರುವುದಿಲ್ಲ. ಪಾಂಡುವಿನ ಕಣ್ಣು ಹೋದಾಗ ಡಾಕ್ಟರು ಹೇಳಿದ್ದರು, ಇದು ರಕ್ತದಲ್ಲಿ ಹರಿದು ಬರುವುದು, ಮನೆಯವರೆಲ್ಲ ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ, ಮೊದಲೇ ಹಿಡಿದರೆ ದಿನಕ್ಕೆರಡು ಹನಿ ಔಷಧಿಯಲ್ಲಿ ಕಣ್ಣು ಉಳಿಯುತ್ತದೆ ಎಂದು. ಎಲ್ಲಿಗೆ ಹೋಗಿ ತೋರಿಸಿಕೊಳ್ಳುವುದೆಂದು ಹೇಳಲಿಲ್ಲ. ಭಟ್ಕಳಕ್ಕೆ ಹೋದರೆ ಹೊನ್ನಾವರ ಎನ್ನುತ್ತಾರೆ, ಹೊನ್ನಾವರಕ್ಕೆ ಹೋದರೆ ಜಿಲ್ಲೆ ದಾಟಿಸುತ್ತಾರೆ. ಒಂದು ದಿನ ಹೋದರೆ ಒಂದು ದಿನದ ಮೀನು ಕೊಳೆಯುತ್ತದೆ. ಕಾರಿಗೆ ನೆಲ ಹುಡುಕಲು ಎಷ್ಟು ಜನ ಅಧಿಕಾರಿಗಳು ಬಂದು ಟೇಪು ಹಿಡಿದು ಓಡಾಡಿದರು! ಒಬ್ಬ ಹೆಂಗಸಿನ ಎರಡು ಕಣ್ಣು ಅಳೆಯಲು ಒಬ್ಬನೂ ಬರಲಿಲ್ಲ.

ಅವನಿಗೆ ಇನ್ನೊಂದೂ ಹೊಳೆಯಿತು. ಅದನ್ನು ಅವನು ಬಾಯಿ ಬಿಟ್ಟು ಹೇಳಲಿಲ್ಲ. ಇದೇ ಮನೆಯಲ್ಲಿ, ಇದೇ ಜಗಲಿಯಲ್ಲಿ, ದಿನವೂ ಅವಳ ಕೈ ಗೋಡೆ ಸವರುವ ಸದ್ದು ಕೇಳಿಸುತ್ತಿತ್ತು. ಕುರುಡನಿಗೆ ಅದು ಎಷ್ಟು ಪರಿಚಿತವೆಂದರೆ, ಕಣ್ಣಿದ್ದವರು ಹಾಗೆ ನಡೆಯುವುದಿಲ್ಲ ಎಂಬುದೇ ಅವನಿಗೆ ಮರೆತು ಹೋಗಿತ್ತು.

"ನಾಳೆನೇ ಹೋಪ ಮಣಿಪಾಲಕ್ಕೆ," ಎಂದ.

"ನಾಳೆ ಆದಿತ್ವಾರ. ನಾಡಿದ್ದು ಭಟ್ಕಳ. ಮಂಗಳವಾರ ಬತ್ತೆ. ಈಗ ಆ ಮೂರನ್ನ ಬರೆ."

ಬರೆದ. ಯಂತ್ರ ಆರಿತು, ಹೊತ್ತಿತು. ಹೆಬ್ಬೆರಳಿನಷ್ಟು ಕಾರ್ಡಿನಿಂದ ಇಳಿದ ತಂತಿಯ ಕೊನೆಯಲ್ಲಿದ್ದ ಪುಟ್ಟ ಸ್ಪೀಕರು ಒಮ್ಮೆ ಟಪ್ ಎಂದಿತು, ಆಮೇಲೆ ಆ ಚಪ್ಪಟೆ ದನಿ ಏನೂ ಆಗಿಯೇ ಇಲ್ಲವೆಂಬಂತೆ ತೆರೆಯ ಮೇಲಿದ್ದದ್ದನ್ನು ಎಡತುದಿಯಿಂದ ಬಲತುದಿಯವರೆಗೆ ಒಂದೂ ಬಿಡದೆ ಓದತೊಡಗಿತು. ಇದಕ್ಕೆಂದು ಅವನು ಮೂರು ದಿನ ಕಾದಿದ್ದ. ಈಗ ಬಂದಿತ್ತು. ತಿಮ್ಮಿ ಕೇಳಿಸಿಕೊಂಡು, ಆತಲ್ಲ ಎಂದು ಎದ್ದು ಕಾಗೆ ಓಡಿಸಲು ಹೋದಳು. ಅವಳ ಹೆಜ್ಜೆ ಜಗಲಿಯ ಅಂಚಿನಲ್ಲಿ ಒಮ್ಮೆ ನಿಂತು, ಹುಡುಕಿ, ಇಳಿದದ್ದನ್ನು ಅವನು ಈಗ ಕೇಳಿಸಿಕೊಂಡ.

ಭಾನುವಾರ ಮಧ್ಯಾಹ್ನ ಮೀನಿನ ಕೆಲಸ ಮುಗಿಸಿ ಹೆಂಗಸರು ಬಂದರು. ಬರೆಸಿದ್ದು ಸರಿಯಿದೆಯೇ ಎಂದು ಪ್ರತಿಯೊಬ್ಬಳೂ ತನ್ನದನ್ನು ಕೇಳಿಸಿಕೊಂಡು ಒಪ್ಪಿಗೆ ಹೇಳಬೇಕು. ಪಾಂಡುವಿನ ಪದ್ಧತಿ ಅದು. ಯಂತ್ರ ಓದಿತು. ಇದಕ್ಕೆ ಸಿಟ್ಟೇ ಬರೂದಿಲ್ವನಾ, ನಾನು ಹೇಳುವಾಗ ಎಷ್ಟು ಸಿಟ್ಟಲ್ಲ ಹೇಳಿದ್ದೆ ಎಂದು ಜಯಶ್ರೀ ಎಂಬವಳು ದೂರಿದಳು, ಉಳಿದವರು ನಕ್ಕರು. ಆಮೇಲೆ ತಿಮ್ಮಿಯ ಸರದಿ ಬಂತು.

'ನನ್ನ ಹೆಸರು ತಿಮ್ಮಿ. ಈ ನೆಲ ನಮ್ಮದೆನ್ನಲು ನನ್ನ ಬಳಿ ಕಾಗದವಿಲ್ಲ. ನನ್ನ ಅತ್ತೆ ಇಲ್ಲಿ ಮೀನು ಹಾಸುವುದನ್ನು ಕಣ್ಣಾರೆ ಕಂಡಿದ್ದೇನೆ. ಇಂದಿಗೂ ನಡುವೆ ನಿಂತು ಇದರ ನಾಲ್ಕು ಮೂಲೆಗಳನ್ನೂ ನಿಮಗೆ ತೋರಿಸಬಲ್ಲೆ. ಸ್ಥಳಕ್ಕೆ ಬಂದು ನೋಡಿ, ಆಮೇಲೆ ಖಾಲಿ ಎನ್ನಿ.'

ಪಾಂಡು ಗುಂಡಿ ಒತ್ತಿ ನಿಲ್ಲಿಸಿದ. ನಾಲ್ಕು ಮೂಲೆಯ ಸಾಲನ್ನು ತೆಗೆಯೋಣವೇ ಎಂದು ಅವಳಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಕೇಳಿದ. ಯಾಕೆ ನಿಲ್ಲಿಸಿದ ಎಂದು ಬೇರೆಯವರಿಗೆ ತಿಳಿಯಲಿಲ್ಲ.

"ತೆಗೀಬೇಡ," ಎಂದಳು ತಿಮ್ಮಿ. "ಕುತ್ಗೆ ತಿರುಗ್ಸಿ ತಿರುಗ್ಸಿ ತೋರಿಸ್ತೆ. ಅದ್ರ ಕೆಳಗೆ ಇನ್ನೊಂದು ಮಾತು ಸೇರ್ಸು. ಲಗೂ ಬನ್ನಿ ಅಂತ ಬರೆ."

ಇಲಾಖೆಯವರು ಯಾವ ಕಾಲಕ್ಕೆ ಲಗುಬಗೆಯಿಂದ ಬಂದಿದ್ದಾರೆ ಎಂದು ಜಯಶ್ರೀ ನಕ್ಕಳು. ತಿಮ್ಮಿಯೂ ಅವಳ ಜತೆ ನಕ್ಕಳು.

ಪಾಂಡು ಬರೆದ. ಅವನು ಒತ್ತಿದ ಒಂದೊಂದು ಅಕ್ಷರವನ್ನೂ ಯಂತ್ರ ಗಟ್ಟಿಯಾಗಿ ಹೇಳುತ್ತ ಹೋಯಿತು, ಹೆಂಗಸರೆಲ್ಲ ಕೂತು ಕೇಳಿದರು.